ಚಾವಿ ಜೇಬಿನಲ್ಲಿತ್ತು, ಜೀಪು ಹೊರಟಿತು

ನರ್ಸ್ ತರಬೇತಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಚಿಂಚೋಳಿ ತಾಲೂಕಿನಲ್ಲಿ, ಚಿಮ್ಮನಚೋಡದಿಂದ ಇನ್ನೂ ಒಳಗೆ ಕಚ್ಚಾ ರಸ್ತೆ ಮುಗಿಯುವಲ್ಲಿದ್ದ ಒಂದು ಊರಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಳೆದದ್ದು ಶಹಾಬಾದಿನ ಪಕ್ಕದ ಭಂಕೂರಿನಲ್ಲಿ. ಅಪ್ಪ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳುತ್ತಿದ್ದರು. ಮನೆಯ ಮುಂದೆ ದಿನವಿಡೀ ಕಲ್ಲು ತುಂಬಿದ ಲಾರಿಗಳು ಓಡಾಡುತ್ತಿದ್ದರೂ ನಾನು ಒಂದು ದಿನವೂ ಸ್ಟೀರಿಂಗ್ ಮುಟ್ಟಿದವಳಲ್ಲ. ಹೆಣ್ಣುಮಕ್ಕಳು ಗಾಡಿಯ ಹಿಂದೆ ಕೂರುವವರು, ಅಷ್ಟೇ.

ನಮ್ಮ ಆರೋಗ್ಯ ಕೇಂದ್ರಕ್ಕೆ ಒಂದು ಡೀಸೆಲ್ ಜೀಪು ಇತ್ತು. ಅದರ ಡ್ರೈವರ್ ಚಿತ್ತಾಪುರದ ಕಡೆಯವರು, ಐವತ್ತು ದಾಟಿದ ಮುಸಲ್ಮಾನರು. ಎಲ್ಲರಂತೆ ನಾನೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಆ ಕಡೆ ನರ್ಸಿಗೆ ಬಾಯಿ, ಬಾಯಾರ ಅನ್ನುತ್ತಾರೆ. ಅವರೂ ನನಗೆ ಒಮ್ಮೊಮ್ಮೆ ಬಾಯಾರ ಅನ್ನುವರು, ಮನಸ್ಸು ಒಳ್ಳೆಯದಿದ್ದರೆ ಬೇಟಿ ಅನ್ನುವರು. ಜೀಪಿನ ಹ್ಯಾಂಡ್ ಬ್ರೇಕು ಹಿಡಿಯುತ್ತಿರಲಿಲ್ಲ. ರಿವರ್ಸ್ ಗೇರು ಹಾಕಿದರೆ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ನಿಲ್ಲಿಸಬೇಕಾದರೆ ಚಾಚಾ ಎಂಜಿನ್ ಬಂದ್ ಮಾಡಿ, ಮೊದಲನೇ ಗೇರಿನಲ್ಲಿಟ್ಟು, ಮುಂದಿನ ಗಾಲಿಗೆ ಒಂದು ಕಲ್ಲು ಕೊಡುತ್ತಿದ್ದರು. ಇಷ್ಟು ಮಾಡಿದ ಮೇಲೆ ಅದು ಬೆಳಗಿನವರೆಗೆ ನಿಂತರೂ ಅಲುಗುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಹತ್ತಿರದ ಹಳ್ಳಿಯಿಂದ ಕರೆ ಬಂತು. ಚೊಚ್ಚಲ ಬಸುರಿ, ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದಳು. ನಾನು ಹೋಗಿ ಮುಟ್ಟಿ ನೋಡಿದಾಗ ಮಗುವಿನ ತಲೆ ಇಳಿಯದೆ ಅಲ್ಲೇ ನಿಂತಿತ್ತು. ಅದು ನನ್ನ ಕೈಯಲ್ಲಿ ಆಗುವ ಹೆರಿಗೆಯಲ್ಲ, ಚಿಂಚೋಳಿಗೆ ಒಯ್ಯಲೇಬೇಕಿತ್ತು. ಜೀಪಿನ ಹಿಂಭಾಗದಲ್ಲಿ ಎರಡು ಬೆಂಚುಗಳ ನಡುವೆ ಹಲಗೆ ಇಟ್ಟು, ಕೌದಿ ಹಾಸಿ ಅವಳನ್ನು ಮಲಗಿಸಿದೆವು. ತಲೆಯ ಹತ್ತಿರ ಅವಳ ಅತ್ತೆ ಕುಳಿತರು. ಕಾಲ ಕಡೆ ನಾನು. ಗಂಡ ಮುಂದೆ, ಚಾಚಾನ ಪಕ್ಕದಲ್ಲಿ. ಹುಡುಗಿಗೆ ಹದಿನೆಂಟೋ ಹತ್ತೊಂಬತ್ತೋ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದು ಮಾತೂ ಆಡದೆ ಬರುತ್ತಿದ್ದಳು.

ದಾರಿಯಲ್ಲಿ ಒಂದು ಹಳ್ಳ ದಾಟಬೇಕು. ಅದರ ಮೇಲೆ ತಗ್ಗಿನಲ್ಲಿ ಕಟ್ಟಿದ ಸಣ್ಣ ಸೇತುವೆ, ಮಳೆ ಬಂದರೆ ನೀರು ಅದರ ಮೇಲೆಯೇ ಹರಿಯುತ್ತದೆ. ರಾತ್ರಿಯ ಮಳೆಗೆ ಹಳ್ಳ ಕೆಂಪಾಗಿ ತುಂಬಿತ್ತು, ಸೇತುವೆಯ ಅಂಚಿನ ಕಲ್ಲುಗಳು ಕಾಣುತ್ತಿರಲಿಲ್ಲ. ಚಾಚಾ ಇಳಿಜಾರಿನ ನಡುವೆ ಜೀಪು ನಿಲ್ಲಿಸಿದರು.

"ನೀರು ಎಷ್ಟು ಅದ ನೋಡಿ ಬರ್ತೀನಿ ಬಾಯಾರ. ನೀವು ಕುಂತಿರ್ರಿ," ಎಂದರು.

ನಾನು ಎಂಜಿನ್ ಬಂದ್ ಮಾಡಲು ಹೇಳಿದೆ. ಗಾಡಿ ನಡುಗುತ್ತಿರುವಾಗ ಮಗುವಿನ ಎದೆಬಡಿತ ಕೇಳಿಸುವುದಿಲ್ಲ, ನನಗೆ ಅದನ್ನು ಕೇಳಬೇಕಿತ್ತು. ಅವರು ಬಂದ್ ಮಾಡಿ, ಗೇರಿನಲ್ಲಿಟ್ಟು, ಚಾವಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಗಾಲಿಗೆ ಕಲ್ಲು ಕೊಟ್ಟು ಹೋದರು. ಹುಡುಗಿಯ ಗಂಡನೂ ಕೈಯಲ್ಲಿ ಕೋಲು ಹಿಡಿದು ಅವರ ಹಿಂದೆ ನೀರಿಗಿಳಿದ.

ಎದೆಬಡಿತ ಕೇಳಲು ನಮ್ಮ ಬಳಿ ಕಹಳೆಯ ಆಕಾರದ ಪುಟ್ಟ ಮರದ ನಳಿಗೆ ಇರುತ್ತಿತ್ತು. ಅಗಲವಾದ ಬಾಯಿಯನ್ನು ಹೊಟ್ಟೆಯ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಒತ್ತಬೇಕು. ನಾನು ಮಂಡಿಯೂರಿ ಬಾಗಿ ಕೇಳತೊಡಗಿದೆ. ನೋವು ಬಂದಾಗ ಬಡಿತ ಇಳಿಯುತ್ತಿತ್ತು. ಅದು ಸಹಜ. ನೋವು ಹೋದೊಡನೆ ಮತ್ತೆ ಏರಬೇಕು, ಆದರೆ ಏರಲು ತಡಮಾಡುತ್ತಿತ್ತು. ನಾನು ಉಸಿರು ಹಿಡಿದು ಕಾದೆ. ಹಳ್ಳದ ಸದ್ದು ದೂರವಾಯಿತು. ಆ ನಳಿಗೆಯ ಒಳಗಿನ ಸಪ್ಪಳವೊಂದೇ ನನ್ನ ಲೋಕವಾಗಿತ್ತು.

ಆಗ ಜೀಪಿನ ಮುಂಭಾಗದಿಂದ ಟಕ್ ಎಂದು ಒಂದು ಸಪ್ಪಳ. ಅದರ ಹಿಂದೆಯೇ ಕರ್ರ್ ಎಂದು, ಚಾವಿ ತಿರುವಿದಾಗ ಬರುವಂಥದೇ ಸದ್ದು. ಚಾಚಾ ಯಾವಾಗ ಬಂದು ಕುಳಿತರು ಎಂದುಕೊಂಡು ತಲೆ ಎತ್ತುವಷ್ಟರಲ್ಲಿ ಗಾಡಿ ಜಗ್ಗಿತು. ನಾನು ಹುಡುಗಿಯ ಕಾಲಿನ ಮೇಲೆ ಬಿದ್ದೆ. ಮುಂದಿನ ಸೀಟು ಖಾಲಿಯಿತ್ತು.

ಮೊದಲ ಗಳಿಗೆ ನನಗೆ ಭಯವೂ ಆಗಲಿಲ್ಲ, ಏನಾಗುತ್ತಿದೆ ಎನ್ನುವುದೇ ತಲೆಗೆ ಹೋಗಲಿಲ್ಲ. ಜೀಪು ಕಲ್ಲನ್ನು ಹತ್ತಿ ಧೊಪ್ಪೆಂದು ಇಳಿಯಿತು. ಮರುಕ್ಷಣ ಎಂಜಿನ್ ಹತ್ತಿಕೊಂಡು ಗುಡುಗತೊಡಗಿತು. ಗಾಜಿನಾಚೆ ಕೆಂಪು ನೀರು, ನಡುವೆ ಸೊಂಟದವರೆಗೆ ಒದ್ದೆಯಾಗಿ ನಿಂತ ಇಬ್ಬರು ಗಂಡಸರು, ಇಬ್ಬರೂ ನಮ್ಮ ಕಡೆ ತಿರುಗಿ ಬಾಯಿ ತೆರೆದಿದ್ದರು. ಅತ್ತೆ ಸೊಸೆಯ ಮೇಲೆ ಮಲಗಿ ಅವಳನ್ನು ಅವಚಿಕೊಂಡುಬಿಟ್ಟರು.

ನಾನು ಸೀಟಿನ ಬೆನ್ನಿನ ಮೇಲಿಂದ ಮುಂದಕ್ಕೆ ಉರುಳಿದೆ. ಸೀರೆ ಎಲ್ಲೋ ಸಿಕ್ಕಿ ಹರಿಯಿತು. ಕಾಲ ಕೆಳಗೆ ಮೂರು ಪೆಡಲು, ಯಾವುದು ಏನು ಎಂದು ತಿಳಿಯದು. ಒಂದನ್ನು ತುಳಿದೆ, ಗಾಡಿ ಇನ್ನೂ ಜೋರಾಗಿ ಹಾರಿತು, ಕಾಲು ಎತ್ತಿಬಿಟ್ಟೆ. ತಿಳಿದದ್ದು ಸ್ಟೀರಿಂಗ್ ಒಂದೇ. ನೀರಿನಿಂದ ಆಚೆಗೆ ಎಂದಷ್ಟೇ ಯೋಚಿಸಿ ಎರಡೂ ಕೈಯಿಂದ ಎಡಕ್ಕೆ ಎಳೆದೆ. ಜೀಪು ರಸ್ತೆ ಬಿಟ್ಟು, ತೊಗರಿ ಹೊಲದ ಬದುವಿಗೆ ಮೂಗು ಕೊಟ್ಟು, ಕರಿಮಣ್ಣಿನ ಕೆಸರಿನಲ್ಲಿ ಹೂತು ನಿಂತಿತು. ನಿಂತಿತು ಎಂದರೆ ಮುಂದೆ ಹೋಗಲಿಲ್ಲ, ಅಷ್ಟೇ. ಗಾಲಿಗಳು ತಿರುಗುತ್ತಲೇ ಇದ್ದವು. ಒಂದೊಂದು ಸುತ್ತಿಗೂ ಜೀಪಿನ ಹಿಂಭಾಗ ಇಳಿಜಾರಿಗೆ ವಾಲುತ್ತಿತ್ತು.

"ಗುಂಡಿ ಎಳಿ ಬೇಟಿ, ಗುಂಡಿ," ಎಂದು ಕೂಗುತ್ತ ಚಾಚಾ ನೀರು ಸೀಳಿಕೊಂಡು ಓಡಿ ಬರುತ್ತಿದ್ದರು.

ಡೀಸೆಲ್ ಎಂಜಿನ್ ನಿಲ್ಲಿಸಲು ಸ್ಟೀರಿಂಗ್ ಪಕ್ಕದ ಒಂದು ಗುಂಡಿಯನ್ನು ಹೊರಗೆಳೆಯಬೇಕು. ಅವರು ದಿನಾ ಎಳೆಯುವುದನ್ನು ನೋಡಿದ್ದೆ. ಹುಡುಕಿ ಎಳೆದೆ. ಎಂಜಿನ್ ಕೆಮ್ಮಿ ಸತ್ತಿತು. ಸದ್ಯ ಮುಗಿಯಿತು ಎಂದುಕೊಂಡೆ. ಆದರೆ ಆ ಕರ್ರ್ ಸದ್ದು ಸಾಯಲಿಲ್ಲ. ಎಂಜಿನ್ ಇಲ್ಲದೆಯೂ ಗಾಡಿ ಒಂದೊಂದೇ ಜಗ್ಗು ಜಗ್ಗುತ್ತ ಬದುವನ್ನು ಕೆರೆಯುತ್ತಿತ್ತು. ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಸುಟ್ಟ ರಬ್ಬರಿನ ವಾಸನೆ ಒಳಗೆಲ್ಲ ತುಂಬಿತು. ಆಗ ನನಗೆ ನಿಜವಾಗಿ ಭಯವಾಯಿತು. ನಾನು ಗುಂಡಿಯನ್ನು ಎಳೆದು ಹಿಡಿದೇ ಇದ್ದೆ, ಆದರೂ ಅದು ನಿಲ್ಲುತ್ತಿರಲಿಲ್ಲ.

ಚಾಚಾ ಬಾನೆಟ್ ಎತ್ತಿ, ಒದ್ದೆ ರುಮಾಲು ಕೈಗೆ ಸುತ್ತಿಕೊಂಡು ಬ್ಯಾಟರಿಯ ದಪ್ಪ ವೈರನ್ನು ಕಿತ್ತೆಸೆದರು. ಕಿಡಿ ಹಾರಿತು. ಸದ್ದು ನಿಂತಿತು.

ಹುಡುಗಿಯ ಗಂಡ ಓಡಿ ಬಂದವನೇ ಚಾಚಾನ ಕೊರಳಪಟ್ಟಿ ಹಿಡಿದ. "ಚಾವಿ ಗಾಡ್ಯಾಗ ಬಿಟ್ಟು ಬಂದೀದಿ ನೀ. ನನ್ನ ಹೆಂಡ್ತಿ ಹಳ್ಳಕ್ಕ ಹೋಗ್ತಿದ್ಳು."

ಚಾಚಾ ಕೈ ಬಿಡಿಸಿಕೊಳ್ಳಲೂ ಇಲ್ಲ. ಜೇಬಿನಿಂದ ಚಾವಿ ತೆಗೆದು ಅವನ ಕಣ್ಣ ಮುಂದೆ ಹಿಡಿದರು. "ಇಲ್ಲಿ ನೋಡಪ್ಪ. ನನ್ನ ಕೂಡ ನೀರಿನಾಗ ಇತ್ತು ಇದು."

ಅವನ ಕೈ ಸಡಿಲವಾಯಿತು. ಆಮೇಲೆ ಅವನು ನನ್ನ ಕಡೆ ನೋಡಿದ. ನಾನು ಏನೋ ಮುಟ್ಟಿದೆನೆಂದು ಅವನ ಮನಸ್ಸಿಗೆ ಬಂದಿರಬೇಕು. ಅವನ ತಾಯಿಯೇ ಅಡ್ಡ ಬಂದರು. "ಬಾಯಿ ನನ್ನ ಕಣ್ಣ ಮುಂದ ಹೊಟ್ಟಿಗಿ ಕಿವಿ ಕೊಟ್ಟು ಕುಂತಿದ್ಳು. ಯಾರೂ ಮುಟ್ಟಿಲ್ಲ. ಈ ಹಳ್ಳದಾಗ ಬಾಣಂತಿ ಒಬ್ಬಾಕಿ ಹರಿದು ಹೋಗ್ಯಾಳ, ಆಕಿ ದೆವ್ವನೇ ಗಾಡಿ ಜಗ್ಗ್ಯಾದ. ನನ್ನ ಸೊಸೀನ ಮತ್ತ ಇದರಾಗ ಕುಂದರಸಂಗಿಲ್ಲ ನಾ. ಬಂಡಿ ತರ್ಸು."

ಬಂಡಿ ಎಂದರೆ ಊರಿಗೆ ಹೋಗಿ ತರಬೇಕು, ಹಳ್ಳ ಇಳಿಯುವುದನ್ನು ಕಾಯಬೇಕು, ಚಿಂಚೋಳಿ ಮುಟ್ಟುವಾಗ ಸಂಜೆ. ನಾನು ನಳಿಗೆ ಹುಡುಕಿ ಮತ್ತೆ ಹೊಟ್ಟೆಯ ಮೇಲಿಟ್ಟೆ. ಮೊದಲು ಏನೂ ಕೇಳಿಸಲಿಲ್ಲ. ನಂತರ ಸಿಕ್ಕಿತು, ಮೊದಲಿಗಿಂತ ನಿಧಾನವಾಗಿ.

"ಸಂಜೀತನಕ ಕೂಸು ತಡಿಯಂಗಿಲ್ಲರಿ," ಎಂದೆ.

ಅತ್ತೆ ನನ್ನ ಮಾತಿಗೆ ಒಪ್ಪಲಿಲ್ಲ. ಗಾಡಿಯ ಬಗ್ಗೆ ಆಣೆ ಮಾಡಿ ಹೇಳಲು ನನಗೂ ಬಾಯಿ ಬರಲಿಲ್ಲ, ಯಾಕೆಂದರೆ ಚಾವಿಯಿಲ್ಲದೆ, ಮನುಷ್ಯರಿಲ್ಲದೆ ಅದು ಹೇಗೆ ಹೊರಟಿತೆಂದು ನನಗೂ ತಿಳಿದಿರಲಿಲ್ಲ. ಆಗ ಹುಡುಗಿ ಬಾಯಿಂದ ಸೆರಗು ತೆಗೆದಳು.

"ಅತ್ತಿ, ನಾ ಇದರಾಗೇ ಹೋಗ್ತೀನಿ."

"ಹುಚ್ಚಿ, ನೋಡ್ಲಿಲ್ಲೇನು ನೀ?"

"ನೋಡೀನಿ. ಬಂಡ್ಯಾಗ ಹೋದ್ರ ನಾ ಮುಟ್ಟಂಗಿಲ್ಲ. ನನಗ ಗೊತ್ತಾಗ್ಲಿಕತ್ತದ." ಅಷ್ಟು ಹೇಳುವಷ್ಟರಲ್ಲಿ ಮತ್ತೊಂದು ನೋವು ಬಂತು. ಅವಳು ಅತ್ತೆಯ ಕೈಯನ್ನು ಹಿಡಿದಳು, ನನ್ನ ಕೈಯನ್ನಲ್ಲ. ಅತ್ತೆ ಕೌದಿ ಸರಿಮಾಡಿ ಮತ್ತೆ ಅವಳ ತಲೆಯ ಹತ್ತಿರ ಕುಳಿತರು.

ಚಾಚಾ ಎಂಜಿನ್ನಿನೊಳಗೆ ತಲೆ ಹಾಕಿ ನೋಡಿದರು. ವೈರುಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಯಾವುದರಿಂದ ಯಾವುದು ಸುಟ್ಟಿತೆಂದು ಅವರಿಗೂ ತಿಳಿಯಲಿಲ್ಲ. "ಬ್ಯಾಟರಿ ಜೋಡ್ಸಂಗಿಲ್ಲ," ಎಂದರು. "ಡೀಸೆಲ್ ಗಾಡಿಗಿ ಒಮ್ಮೆ ಚಾಲೂ ಆದ ಮ್ಯಾಲ ಬ್ಯಾಟರಿ ಬೇಕಾಗಂಗಿಲ್ಲ. ಇಳಿಜಾರದಾಗ ಉರುಳಿಸಿ ಎಬ್ಬಸ್ತೀನಿ. ಆದ್ರ ನೀರಿನಾಗ ಬಂದ್ ಬಿದ್ರ ಮತ್ತ ಏಳಂಗಿಲ್ಲ ಬೇಟಿ. ಅದು ತಿಳ್ಕೊಂಡು ಕುಂದ್ರು."

ನೀರು ಅವರಿಗೆ ಸೊಂಟದವರೆಗೆ ಬಂದಿದ್ದು ಸೇತುವೆಯ ಅಂಚಿನ ತಗ್ಗಿನಲ್ಲಿ, ನಡುವೆ ಮೊಣಕಾಲಿನಷ್ಟಿತ್ತಂತೆ. ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಅಷ್ಟರಲ್ಲಿ ಓಡಿ ಬಂದಿದ್ದರು. ಎಲ್ಲರೂ ಸೇರಿ ಜೀಪನ್ನು ಕೆಸರಿನಿಂದ ಹಿಂದಕ್ಕೆ ಎಳೆದು ರಸ್ತೆಗೆ ತಂದರು. ಹುಡುಗಿಯ ಗಂಡ ಕೋಲು ಹಿಡಿದು ಮುಂದೆ ಹೋಗಿ, ಅಂಚು ಎಲ್ಲಿದೆಯೆಂದು ತೋರಿಸುತ್ತ ನೀರಿನಲ್ಲಿ ನಿಂತ. ಚಾಚಾ ಬಿಸ್ಮಿಲ್ಲಾ ಎಂದು ಗಾಡಿಯನ್ನು ಇಳಿಜಾರಿಗೆ ಬಿಟ್ಟರು. ಕೆಂಪು ನೀರು ಹತ್ತಿರ ಬರುತ್ತಿತ್ತು, ಎಂಜಿನ್ ಇನ್ನೂ ಎದ್ದಿರಲಿಲ್ಲ. ನೀರು ಇನ್ನೇನು ಗಾಲಿಗೆ ತಾಗುತ್ತದೆ ಎನ್ನುವಾಗ ಅವರು ಕ್ಲಚ್ ಬಿಟ್ಟರು. ಗಾಡಿ ಒದ್ದಾಡಿ ಗುಡುಗಿತು. ನೀರು ಬಾಗಿಲ ಸಂದಿಯಿಂದ ಒಳಗೆ ಬಂದು ನನ್ನ ಪಾದದ ಮೇಲೆ ಹರಿಯಿತು. ಚಾಚಾ ವೇಗವನ್ನು ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ. ಆಚೆ ದಂಡೆ ಏರಿದಾಗ ಅತ್ತೆ ಜೋರಾಗಿ ಅತ್ತರು.

ಚಿಂಚೋಳಿಯಲ್ಲಿ ವೈದ್ಯರು ಇಕ್ಕಳ ಹಾಕಿ ಮಗುವನ್ನು ತೆಗೆದರು. ಗಂಡು. ಮೈ ನೀಲಿಯಾಗಿತ್ತು, ಅಳಲಿಲ್ಲ. ನಾನೇ ಅದರ ಬಾಯಿಯೊಳಗಿನ ಲೋಳೆ ತೆಗೆದು ಬೆನ್ನು ಉಜ್ಜಿದೆ. ಸ್ವಲ್ಪ ಹೊತ್ತಿನ ಮೇಲೆ ಅದು ಬೆಕ್ಕಿನ ಮರಿಯಂತೆ ಒಂದು ಸ್ವರ ತೆಗೆಯಿತು. ಹುಡುಗಿ ಬದುಕಿದಳು, ಮಗುವೂ ಬದುಕಿತು.

ಆ ಸಂಜೆ ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಚಾಚಾ ಒಬ್ಬರೇ ಕುಳಿತಿದ್ದರು. ನಾನು ಚಹಾ ಒಯ್ದು ಕೊಟ್ಟೆ. ಅವರು ಕುಡಿಯದೆ ಹಿಡಿದುಕೊಂಡಿದ್ದರು. "ಕೂಸು ಉಳೀತು ಅಂತ ಖುಷಿ ಆಗ್ಯಾದ ಬೇಟಿ," ಎಂದರು. "ಆದ್ರ ನಾ ಗಾಡಿ ಬಿಟ್ಟು ಹೋದದ್ದು ಖರೇ. ಗಾಡಿ ತಾನೇ ಹೊಂಟಿತು ಅಂದ್ರ ಯಾರು ನಂಬ್ತಾರ?"

ಅವರು ಅಂದುಕೊಂಡಂತೆಯೇ ಆಯಿತು. ವಿಚಾರಣೆ ಮುಗಿಯುವವರೆಗೆ ಅವರನ್ನು ಕೆಲಸಕ್ಕೆ ಬರಬೇಡವೆಂದರು. ಜೀಪನ್ನು ಸೇಡಂನ ಒಂದು ಗ್ಯಾರೇಜಿಗೆ ಎಳೆದೊಯ್ದರು. ಕೆಲವು ದಿನಗಳ ಮೇಲೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ಅಲ್ಲಿಗೇ ನಮ್ಮಿಬ್ಬರನ್ನು ಕರೆಸಿದರು. ಒಳ್ಳೆಯ ಮನುಷ್ಯ, ಸಿಡುಕಲಿಲ್ಲ, ನನಗೆ ಸ್ಟೂಲು ಹಾಕಿಸಿ ಕೂರಿಸಿದರು. ಅದರಿಂದ ನನ್ನ ಭಯವೇನೂ ಕಡಿಮೆಯಾಗಲಿಲ್ಲ.

ಅವರ ತರ್ಕ ನೇರವಾಗಿತ್ತು. ಹ್ಯಾಂಡ್ ಬ್ರೇಕು ಹಿಡಿಯುತ್ತಿರಲಿಲ್ಲ. ನೆನೆದ ಮಣ್ಣಿನಲ್ಲಿ ಕಲ್ಲು ಜಾರಿತು. ಗೇರಿನಲ್ಲಿದ್ದ ಗಾಡಿ ಇಳಿಜಾರಿನಲ್ಲಿ ಉರುಳಿದರೆ ಡೀಸೆಲ್ ಎಂಜಿನ್ ತಿರುಗಿ ತಾನಾಗಿ ಹತ್ತಿಕೊಳ್ಳುತ್ತದೆ, ಅದಕ್ಕೆ ಚಾವಿ ಬೇಕಿಲ್ಲ. "ಅದೇ ದಿನ ನೀನೇ ಹಾಗೆ ಎಬ್ಬಿಸಿದೆಯಲ್ಲ," ಎಂದು ಚಾಚಾನ ಕಡೆ ತಿರುಗಿ ಹೇಳಿದರು. ಚಾಚಾ ತಲೆ ತಗ್ಗಿಸಿದರು. ಹಾಗಾಗಿದ್ದರೆ ಅದು ಡ್ರೈವರನ ತಪ್ಪು, ನೌಕರಿ ಹೋಗುವ ತಪ್ಪು.

ಗ್ಯಾರೇಜಿನ ಮೇಸ್ತ್ರಿ ಮೊದಲು ವಾಡಿಯಲ್ಲಿ ಸಿಮೆಂಟ್ ಲಾರಿಗಳ ಕೆಲಸ ಮಾಡಿದವನು. ಅವನು ಬೇರೆ ಹೇಳಿದ. ಚಾವಿ ಹಾಕುವ ಸ್ವಿಚ್ಚಿನೊಳಗೆ ಮಳೆನೀರು ಇಳಿದಿರಬಹುದು. ಎಂಜಿನ್ ಎಬ್ಬಿಸುವ ಮೋಟರಿಗೆ ಅವರು ಸೆಲ್ಫ್ ಅನ್ನುತ್ತಾರೆ, ಅದರ ಸ್ವಿಚ್ಚಿನ ಬಿಲ್ಲೆಗಳು ಅಂಟಿಕೊಂಡಿರಬಹುದು. ಅವನು ಎರಡನ್ನೂ ನಮ್ಮೆದುರು ಬಿಚ್ಚಿದ. ಚಾವಿಯ ಸ್ವಿಚ್ಚು ಒಣಗಿತ್ತು, ಸ್ವಚ್ಛವಾಗಿತ್ತು. ಸೆಲ್ಫಿನ ಬಿಲ್ಲೆಗಳು ಕಪ್ಪಾಗಿದ್ದವು. "ಇದು ಮೊದಲ ಸುಟ್ಟದ್ದೋ ಆಮ್ಯಾಲ ಸುಟ್ಟದ್ದೋ, ಹೇಳ್ಲಿಕ್ಕ ಬರಂಗಿಲ್ಲರಿ," ಎಂದು ಕೈ ಒರೆಸಿಕೊಂಡ.

ಅಧಿಕಾರಿ ನನ್ನ ಕಡೆ ತಿರುಗಿದರು. "ಗಾಡಿಯೊಳಗೆ ಇದ್ದವರು ನೀವು. ಮೊದಲು ಗಾಡಿ ಸರಿಯಿತೋ, ಸಪ್ಪಳ ಬಂತೋ? ವಿಚಾರ ಮಾಡಿ ಹೇಳಿ. ಅವರನ್ನು ಉಳಿಸಬೇಕೆಂದು ಹೇಳಬೇಡಿ."

ಅಷ್ಟು ದಿನ ಆ ಗಳಿಗೆಯನ್ನು ಮರೆಯಬೇಕೆಂದು ಒದ್ದಾಡಿದ್ದೆ. ಈಗ ಅದರೊಳಗೆ ಮತ್ತೆ ಇಳಿಯಬೇಕಾಯಿತು. ಚಾಚಾ ನನ್ನ ಮುಖ ನೋಡದೆ ಬಾಗಿಲಾಚೆ ನೋಡುತ್ತಿದ್ದರು. ಅವರು ನೋಡಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ಕಣ್ಣು ಮುಚ್ಚಿದೆ. ಮರದ ನಳಿಗೆ ಕಿವಿಗೆ ಒತ್ತಿದ್ದು, ಬಡಿತ ಏರಲಿ ಎಂದು ಉಸಿರು ಹಿಡಿದದ್ದು, ಟಕ್ ಎಂದದ್ದು, ಕರ್ರ್ ಎಂದದ್ದು. ಗಾಡಿ ಮೊದಲು ಸರಿದಿದ್ದರೆ ನಳಿಗೆ ಹೊಟ್ಟೆಯಿಂದ ಜಾರಬೇಕಿತ್ತು. ಜಾರಿರಲಿಲ್ಲ. ಆ ಎರಡೂ ಸಪ್ಪಳಗಳ ನಡುವೆ ನಾನು ಮಗುವಿನ ಬಡಿತವನ್ನು ಇನ್ನೂ ಕೇಳುತ್ತಿದ್ದೆ.

"ಮೊದಲ ಸಪ್ಪಳ ಬಂತರಿ," ಎಂದೆ. "ಆಮ್ಯಾಲ ಗಾಡಿ ಜಗ್ಗಿತು. ಎಂಜಿನ್ ಹತ್ತಿದ್ದು ಅದಕ್ಕೂ ಆಮ್ಯಾಲ." ಯಾಕೆ ಹಾಗೆ ಹೇಳುತ್ತಿದ್ದೇನೆ ಎಂಬುದನ್ನೂ ಹೇಳಿದೆ.

ಸರಿದ ಮೇಲೆ ಸಪ್ಪಳ ಬಂದರೆ ಇಳಿಜಾರು ಕಾರಣ, ಸಪ್ಪಳದ ಮೇಲೆ ಸರಿದರೆ ಕರೆಂಟು ಕಾರಣ ಎಂದು ಅಧಿಕಾರಿ ತಮಗೆ ತಾವೇ ಎಂಬಂತೆ ಹೇಳಿದರು. ಕೋಟು ತೆಗೆದು ಕುರ್ಚಿಯ ಮೇಲಿಟ್ಟು, ಮೇಸ್ತ್ರಿಯ ಜೊತೆ ತಾವೂ ಬಾನೆಟ್ಟಿನೊಳಗೆ ಬಾಗಿದರು. ಕರಗಿದ ಕಟ್ಟನ್ನು ಇಬ್ಬರೂ ಒಂದೊಂದೇ ಎಳೆಯಾಗಿ ಬಿಡಿಸಿದರು. ಕಡೆಗೆ ಸಿಕ್ಕಿತು. ಚಾವಿಯಿಂದ ಸೆಲ್ಫಿಗೆ ಹೋಗುವ ತೆಳು ವೈರನ್ನು ಹಿಡಿದಿಡುವ ತಗಡಿನ ಪಟ್ಟಿ ಮುರಿದಿತ್ತು. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಆ ವೈರು ಪಕ್ಕದ ತಿರುಪಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಸವೆದಿತ್ತು. ಬ್ಯಾಟರಿಯ ಕರೆಂಟು ಸದಾ ಬಂದು ನಿಲ್ಲುವ ತಿರುಪು ಅದು. ಅವೆರಡೂ ತಾಗಿದರೆ ಚಾವಿ ತಿರುವಿದಂತೆಯೇ, ಗೇರಿನಲ್ಲಿರುವ ಗಾಡಿಯನ್ನು ಸೆಲ್ಫಿನ ಮೋಟರೇ ಮುಂದೆ ನೂಕುತ್ತದೆ. ಬಹುಶಃ ನಾನು ಮಂಡಿಯೂರಿದಾಗ ಗಾಡಿ ಚೂರು ಅಲುಗಿರಬೇಕು, ಇಲ್ಲವೆ ಬಿಸಿ ಎಂಜಿನ್ ಆರುವಾಗ ಏನೋ ಸರಿದಿರಬೇಕು. ಅದನ್ನು ಯಾರೂ ಖಚಿತವಾಗಿ ಹೇಳಲಿಲ್ಲ.

ನೋಡಿದ್ದು ಸಾಲದೆಂದು ಅಧಿಕಾರಿ ಮಾಡಿ ತೋರಿಸಲು ಹೇಳಿದರು. ಸೆಲ್ಫಿಗೆ ಬೇರೆ ಸ್ವಿಚ್ಚು ಜೋಡಿಸಿ, ಜೀಪನ್ನು ಸಮತಟ್ಟಾದ ಅಂಗಳಕ್ಕೆ ತಳ್ಳಿ ಮೊದಲನೇ ಗೇರಿಗೆ ಹಾಕಿದರು. ಚಾವಿ ಅಧಿಕಾರಿಯ ಕೈಯಲ್ಲೇ ಇತ್ತು. ಮೇಸ್ತ್ರಿ ಬ್ಯಾಟರಿ ಜೋಡಿಸಿ, ಉದ್ದ ಕಟ್ಟಿಗೆಯಿಂದ ಆ ತೆಳು ವೈರನ್ನು ತಿರುಪಿನ ಕಡೆ ನೂಕಿದ. ಟಕ್. ಕರ್ರ್. ಖಾಲಿ ಜೀಪು ನಮ್ಮ ಕಡೆಗೇ ಹಾರಿತು. ಎಲ್ಲರೂ ಪಕ್ಕಕ್ಕೆ ಜಿಗಿದರು. ಮೇಸ್ತ್ರಿ ಕಟ್ಟಿಗೆ ತೆಗೆದೊಡನೆ ಅದು ನಿಂತಿತು. ನಾನು ಮಾತ್ರ ಸ್ಟೂಲಿನ ಮೇಲೆ ಮರಗಟ್ಟಿ ಕುಳಿತಿದ್ದೆ. ಚಾಚಾ ಬಂದು ತೋಳು ಹಿಡಿದು ಎಬ್ಬಿಸಬೇಕಾಯಿತು.

ಚಾಚಾನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಹ್ಯಾಂಡ್ ಬ್ರೇಕಿನ ಬಗ್ಗೆ ಅಧಿಕಾರಿ ಎಲ್ಲರಿಗೂ ಕೇಳುವಂತೆ ಬೈದರು, ಅದನ್ನೂ ಗೇರನ್ನೂ ಸರಿಮಾಡಿಸಿಯೇ ಜೀಪು ಕಳಿಸಿದರು. ಅತ್ತೆಗೆ ವೈರಿನ ಕಥೆ ಹೇಳಿದಾಗ ಅವರು ಪೂರ್ತಿ ಕೇಳಿಸಿಕೊಂಡು, "ಇರಬಹುದು ಬಾಯಿ. ಆದ್ರ ಅಲ್ಲೇ ಯಾಕ ತಾಗಬೇಕಿತ್ತು?" ಎಂದರು. ಮೊಮ್ಮಗನಿಗೆ ಲಸಿಕೆ ಹಾಕಿಸಲು ಅವರು ಬಂಡಿಯಲ್ಲೇ ಬರುತ್ತಿದ್ದರು. ಸೊಸೆ ನಗುತ್ತಿದ್ದಳು, ಆದರೆ ಅತ್ತೆಯ ಜೊತೆ ಬಂಡಿಯಲ್ಲೇ ಕೂರುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಸೇಡಂನಿಂದ ಔಷಧ ತರುವಾಗ ಚಾಚಾ ಬಯಲಿನ ನಡುವೆ ಜೀಪು ನಿಲ್ಲಿಸಿ ಕೆಳಗಿಳಿದರು. ಸುತ್ತಿ ಬಂದು ನನ್ನ ಕಡೆಯ ಬಾಗಿಲ ಹತ್ತಿರ ನಿಂತರು.

"ಆ ಕಡಿ ಸರಿ ಬೇಟಿ. ಮೂರು ಪೆಡಲ್ ಅವ. ಇವತ್ತು ಬರೇ ನಡುವಿಂದು ಕಲಿ."

ನಾನು ಸರಿದು ಸ್ಟೀರಿಂಗ್ ಹಿಂದೆ ಕುಳಿತೆ. ಅವರು ಹೊರಗೆ ನಿಂತು ಬೀಡಿ ಹಚ್ಚಿದರು, ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ ನಾನು ಕಾಲು ಚಾಚಿ ಬ್ರೇಕನ್ನು ಒತ್ತಿದೆ.